ಕಿಟಕಿಯಾಚೆಯ ನಂದಿಬಟ್ಟಲು

"ಮುಟ್ಟಬೇಡ!"

ಮದುವೆಯಾಗಿ ಬಂದ ಮನೆಯಲ್ಲಿ ಅವಳ ಕಿವಿಗೆ ಬಿದ್ದ ಮೊದಲ ಮಾತು ಅದು.

ರಿಜಿಸ್ಟ್ರಾರ್ ಆಫೀಸಿನಿಂದ ನೇರವಾಗಿ ಬಂದಿದ್ದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು, ಕಿಟಕಿಯ ಪಕ್ಕ ಆಳೆತ್ತರ ಮೀರಿ ಬೆಳೆದಿದ್ದ ನಂದಿಬಟ್ಟಲು ಗಿಡ ಕಂಡು ಒಂದು ಬಿಳಿ ಹೂವಿಗೆ ಕೈ ಚಾಚಿದ್ದಳು, ಅಷ್ಟೇ.

ತನ್ನ ದನಿಗೆ ಗಂಡನೇ ಬೆಚ್ಚಿದ. "ಅದು... ಅವಳು ನೆಟ್ಟ ಗಿಡ," ಎಂದು ಗೊಣಗಿ ಒಳಗೆ ಹೋದ.

ಅವಳು! ಜ್ವರದಲ್ಲಿ ತೀರಿಕೊಂಡ ಮೊದಲ ಹೆಂಡತಿ.

ಇವಳು ತವರಿನಿಂದ ತಂದಿದ್ದು ಒಂದು ಹೊಲಿಗೆ ಯಂತ್ರ ಮಾತ್ರ. ವಯಸ್ಸು ಮೀರಿದ ಮೇಲೆ ಕೂಡಿಬಂದ ಸಂಬಂಧ. ಬೆಟ್ಟದಷ್ಟು ಆಸೆಯನ್ನೇನೂ ಹೊತ್ತು ಬಂದಿರಲಿಲ್ಲ. ಆದರೂ... ಒಂದು ಹೂವಿಗೂ ಬರವೇ?

ಮನೆಯಲ್ಲಿ ಇನ್ನೊಬ್ಬರಿದ್ದರು. ಕಿಟಕಿ ಪಕ್ಕದ ಮಂಚದಲ್ಲಿ, ಕಾಲುಗಳ ಸ್ವಾಧೀನ ತಪ್ಪಿ ಮಲಗಿದ್ದ ಅಜ್ಜಿ. ಸತ್ತವಳ ತಾಯಿ. ಹೆಂಡತಿ ಹೋದರೂ ಅತ್ತೆಯನ್ನು ಅವನು ಕೈಬಿಟ್ಟಿರಲಿಲ್ಲ.

"ನನ್ನ ಚಾಕರಿಗೆ ಅಂತ ನಿನ್ನ ಕಟ್ಕೊಂಡ ಅಂದ್ಕೋಬೇಡ ಕಣಮ್ಮಾ," ಎಂದರು ಅಜ್ಜಿ. "ಅಂದ್ಕೊಂಡ್ರೂ ತಪ್ಪಿಲ್ಲ ಬಿಡು. ಮೊದಲು ಬೆನ್ನಿಗೊಂದು ದಿಂಬು ಕೊಡು."

ಅವಳಿಗೆ ನಗು ಬಂತು. ಆ ಮನೆಯಲ್ಲಿ ಅವಳನ್ನು ನಗಿಸುತ್ತಿದ್ದುದು ಅಜ್ಜಿ ಒಬ್ಬರೇ.

ಅವನು ಕೆಟ್ಟವನಲ್ಲ. ಪಂಪ್ ರಿಪೇರಿ ಅಂಗಡಿಯಿಂದ ಬಂದವನು "ಊಟ ಆಯ್ತಾ?" ಎನ್ನುತ್ತಿದ್ದ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಬೆಳಗಾದರೆ ಮಾತ್ರ ಆ ಗಿಡಕ್ಕೆ ಬಕೆಟ್ ಬಕೆಟ್ ನೀರು!

'ಗಿಡದ ಮುಂದೆ ನಿಂತಷ್ಟು ಹೊತ್ತು ನನ್ನ ಮುಂದೆ ನಿಂತರೆ ಏನು ಗಂಟು ಹೋಗುತ್ತೆ?'

ಗಿಡ ಮಾತ್ರ ಸೊರಗುತ್ತಿತ್ತು. ಕೆಳಗಿನ ಎಲೆಗಳು ಹಳದಿಯಾಗಿ, ಮೊಗ್ಗುಗಳು ಅರಳದೆ ಉದುರುತ್ತಿದ್ದವು. ಇದ್ದ ನಾಲ್ಕು ಹೂವೂ ಸೂರಿನ ಮಟ್ಟದಲ್ಲಿ. ಕಿಟಕಿಗೆ ಕಾಣುತ್ತಿದ್ದುದು ಬರೀ ಕಡ್ಡಿ.

"ರೀ, ಬುಡದಲ್ಲಿ ನೀರು ನಿಂತಿದೆ. ಬೇರು ಕೊಳೆಯುತ್ತೇನೋ..."

"ನಾನು ನೋಡ್ಕೋತೀನಿ."

ಅವಳು ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು.

ಒಂದು ಮಧ್ಯಾಹ್ನ ಅಜ್ಜಿ ಕರೆದರು. "ಮಗಳೇ, ಕತ್ತರಿ ತಗೊಂಡು ಹಿತ್ತಲಿಗೆ ಹೋಗು. ಆ ಗಿಡ ಕತ್ತರಿಸು."

"ಅಯ್ಯೋ! ಅವರು ನನ್ನ ಸುಮ್ನೆ ಬಿಡ್ತಾರಾ ಅಮ್ಮಾ?"

"ನನ್ನ ಮಗಳು ಪ್ರತಿ ವರ್ಷ ಕತ್ತರಿಸ್ತಿದ್ಲು ಕಣೇ. ಅವಳು ಹೋದ್ಮೇಲೆ ಇವನು ಕತ್ತರಿ ತಾಗಿಸಿಲ್ಲ. ನಂಗೆ ಹೂವೂ ಕಾಣಲ್ಲ, ಬೆಳಕೂ ಕಾಣಲ್ಲ."

ಅವಳು ಕತ್ತರಿ ತಂದು ಮೊದಲ ರೆಂಬೆ ಹಿಡಿದಳು.

"ಗೆಣ್ಣಿನ ಮೇಲೆ ಕತ್ತರಿಸು," ಕಿಟಕಿಯಿಂದ ಅಜ್ಜಿಯ ದನಿ. "ಹೂಂ, ಇನ್ನೂ ಕೆಳಗೆ. ಹಾಲು ಕಣ್ಣಿಗೆ ಸಿಡಿದೀತು, ಜೋಕೆ! ಹೆದರಬೇಡ, ಮತ್ತೆ ಚಿಗುರೋ ಜಾತಿ ಅದು."

ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಒಸರಿತು. ಅವಳು ಬುಡದ ಮಣ್ಣು ಕೆದಕಿ ನಿಂತ ನೀರಿಗೆ ದಾರಿ ಮಾಡಿದಳು. ತಲೆಯೆತ್ತಿದಾಗ ಅಜ್ಜಿಯ ಮಂಚದ ಮೇಲೆ ಬಿಸಿಲು ಬಿದ್ದಿತ್ತು. ಅಜ್ಜಿ ಸದ್ದಿಲ್ಲದೆ ಅಳುತ್ತಿದ್ದರು.

ಸಂಜೆ ಅವನು ಬಂದ. ನೋಡಿದ. ಬೈಯಲಿಲ್ಲ. ಕುಸಿದು ಕುಳಿತು, ಕತ್ತರಿಸಿದ ರೆಂಬೆಗಳನ್ನು ಮಡಿಲಿಗೆ ಎಳೆದುಕೊಂಡ. ಭುಜಗಳು ಅಲುಗಿದವು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ! ಒಳಗೆ ಬಂದು ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. 'ಸತ್ತವಳ ಜೊತೆ ಪೈಪೋಟಿ ನನ್ನಿಂದಾಗದು...'

"ಏಯ್ ಅಳಿಯಾ!" ಅಜ್ಜಿಯ ದನಿ ಮನೆ ತುಂಬಿತು. "ಕತ್ತರಿಸು ಅಂದಿದ್ದು ನಾನು! ಸತ್ತಿದ್ದು ನನ್ನ ಮಗಳು ಕಣಪ್ಪಾ. ನಿನಗಿಂತ ಮೊದಲಿಂದ ನಂಗೆ ಗೊತ್ತು ಅವಳು. ಬದುಕಿರೋಳು ಅಲ್ಲಿ ಚೀಲ ಕಟ್ತಿದ್ದಾಳೆ, ಹೋಗಿ ನೋಡು!"

ಅವನು ಬಾಗಿಲಲ್ಲಿ ಬಂದು ನಿಂತ. ಅಂಗೈ ತುಂಬ ಅಂಟು.

"ಜ್ವರ ಬಂದ ದಿನ ಅವಳೂ ಇದನ್ನೇ ಹೇಳಿದ್ಲು. 'ಮೈ ಬಿಸಿಯಾಗಿದೆ, ಈ ಸಲ ನೀವು ಕತ್ತರಿಸಿ' ಅಂತ. ನಾಳೆ ನೋಡೋಣ ಅಂದೆ. ಆ ನಾಳೆಗೆ ಅವಳಿರಲಿಲ್ಲ..."

ಅವಳ ಕೈಯಲ್ಲಿದ್ದ ಸೀರೆ ಹಾಗೇ ಉಳಿಯಿತು.

"ಮೊನ್ನೆ ನೀನು ಅತ್ತೆ ಜೊತೆ ನಗ್ತಿದ್ದೆ. ನಾನು ಹೊರಗೇ ನಿಂತು ಕೇಳಿಸ್ಕೊಂಡೆ. ತುಂಬಾ ಖುಷಿ ಆಯ್ತು. ಆಮೇಲೆ... ಖುಷಿ ಆಯ್ತಲ್ಲ ಅಂತ ನನ್ನ ಮೇಲೇ ಅಸಹ್ಯ ಆಯ್ತು. ನೀನು ಬೇಡ ಅಂತಲ್ಲ ಕಣೇ. ಬೇಕು ಅನ್ಸೋಕೆ ಶುರುವಾಗಿದೆ. ಅದಕ್ಕೇ ಹೆದರಿಕೆ."

ಅವಳ ಕಣ್ಣು ತುಂಬಿತು. ಸತ್ತವಳ ಮೇಲಿನ ಕೋಪವೆಲ್ಲ ಎಲ್ಲಿ ಹೋಯಿತೋ! ಅವನ ಅಂಟು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅವರು ಹೇಗಿದ್ರು? ಹೇಳಿ. ನಂಗೂ ಗೊತ್ತಾಗ್ಲಿ."

ಅವನು ಹೇಳಿದ. ಹೇಳುತ್ತ ಅತ್ತ. ಕೇಳುತ್ತ ಅವಳೂ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಅವಳತ್ತ ತಿರುಗಿದ.

"ಈಗ ನಿನ್ನ ವಿಷಯ ಹೇಳು."

"ನನ್ನದೇನಿದೆ ಹೇಳೋಕೆ?"

"ಏನಿದೆಯೋ ಅಷ್ಟೂ. ಇಷ್ಟು ದಿನ ನಾನು ಕೇಳೇ ಇಲ್ವಲ್ಲ..."

ಅವಳು ಅವನ ಭುಜಕ್ಕೆ ತಲೆಯಾನಿಸಿ, ಮೆಲ್ಲಗೆ ಶುರುಮಾಡಿದಳು.

"ಸ್ವಲ್ಪ ಜೋರಾಗಿ ಹೇಳೇ," ಮಂಚದಿಂದ ಅಜ್ಜಿ ಕೂಗಿದರು. "ನಂಗೂ ಕೇಳ್ಲಿ!"