ಮಖಮಲ್ಲಿನ ದಿಕ್ಕು

"ನಿಮ್ಮ ದೌರ್ಬಲ್ಯ ಏನು?"

"ಮಖಮಲ್ಲು."

ಲೈಟಿನವನು ತುಟಿ ಕಚ್ಚಿ ನಗು ತಡೆದ. "ಇಂಟರ್‌ವ್ಯೂನಲ್ಲಿ ಹಾಗೆಲ್ಲ ಅನ್ನಬಾರದು ರೀ. 'ಕೆಲಸಕ್ಕೆ ಕೂತ್ರೆ ಊಟದ ನೆನಪೇ ಇರಲ್ಲ, ಅದೇ ನನ್ನ ದೌರ್ಬಲ್ಯ' ಅನ್ನಿ."

"ನಮ್ಮಕ್ಕ ಕೇಳಿಸ್ಕೊಂಡ್ರೆ ಬಿದ್ದೂ ಬಿದ್ದೂ ನಗ್ತಾಳೆ," ಎಂದಳು ಹೊಲಿಗೆಯ ಹುಡುಗಿ. ಅಡುಗೆಮನೆಯಲ್ಲಿ ಅಕ್ಕ ಆಗಲೇ ನಗುತ್ತಿದ್ದಳು.

ಈ ಮಹಾಶಯ ನಾಟಕದ ಹಾಲಿನಲ್ಲಿ ದೀಪ ಹಾಕುವವನು. ಅವಳ ಕೆಲಸ ಹೋಗಿದ್ದೇ ಅವನ ಬಾಯಿಂದ. ಮಖಮಲ್ಲಿಗೆ ಕರುವಿನ ಮೈಗೂದಲಿನಂತೆ ಒಂದು ದಿಕ್ಕಿರುತ್ತದೆ. ತಿರುಗಿಸಿ ಹಿಡಿದರೆ ಬಣ್ಣವೇ ಬೇರೆ ಕಾಣುತ್ತದೆ. ರಂಗದ ಪರದೆಯಲ್ಲಿ ಒಂದು ಪಟ್ಟಿಯನ್ನು ಅವಳು ತಲೆಕೆಳಗಾಗಿ ಹೊಲಿದುಬಿಟ್ಟಿದ್ದಳು. ಇವನು ದೀಪ ಹಾಕಿದ್ದೇ ತಡ, "ಅಯ್ಯೋ, ನಡುವಿನ ಪಟ್ಟಿ ಬೇರೆ ಬಣ್ಣ ಅಲ್ವಾ?" ಎಂದು ಎಲ್ಲರೆದುರೂ ಕೂಗಿದ. ಹೊಲಿಗೆ ಅಂಗಡಿಯ ಯಜಮಾನ ಅಲ್ಲೇ ಅವಳನ್ನು ಕೆಲಸದಿಂದ ತೆಗೆದ.

ಮರುದಿನ ಕ್ಷಮೆ ಕೇಳಲು ಬಂದಾಗ ಅವಳು ಬಾಗಿಲು ಹಾಕಿದಳು. ಅಕ್ಕ ತೆಗೆದಳು. ಅಂದಿನಿಂದ ಸಂಜೆಯಾದರೆ ಹಾಜರ್, ಇಂಟರ್‌ವ್ಯೂಗೆ ಪಾಠ! ಪ್ರಶ್ನೆ ಕೇಳುವಾಗ ದೊಡ್ಡ ಸಾಹೇಬನ ಹಾಗೆ ಹುಬ್ಬು ಗಂಟಿಕ್ಕುತ್ತಿದ್ದ. ಅವಳು ತಲೆ ತಗ್ಗಿಸಿ ಯೋಚಿಸುವಾಗ ಮಾತ್ರ ಆ ಗಂಟು ಬಿಚ್ಚಿಕೊಂಡು, ಕಣ್ಣು ಅವಳ ಮೇಲೇ ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಉತ್ತರ ತಡಮಾಡುತ್ತಿದ್ದಳು.

"ಹಳೇ ಕೆಲಸ ಯಾಕೆ ಬಿಟ್ರಿ?"

"ನೀವು ಬಾಯಿ ಬಿಟ್ರಿ, ನಾನು ಕೆಲಸ ಬಿಟ್ಟೆ."

ಅವನ ಮುಖ ಹುಳ್ಳಗಾಯಿತು. "ದಮ್ಮಯ್ಯ, ಅದನ್ನ ಹೇಳ್ಬೇಡಿ. 'ಹೊಸದು ಕಲಿಯೋ ಆಸೆಗೆ ನಾನೇ ಬಿಟ್ಟೆ' ಅನ್ನಿ. ನನ್ನಿಂದ ಇನ್ನೊಂದ್ಸಲ ನಿಮ್ಮ ಕೆಲಸ ಹೋಗಬಾರದು."

ಈ ಸೋಫಾ ಕಾರ್ಖಾನೆಯ ಕೆಲಸವೂ ಕೈತಪ್ಪಿದರೆ ಅವಳು ಊರು ಬಿಟ್ಟು, ದೂರದ ಚಿಕ್ಕಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂರಬೇಕಿತ್ತು. ಭಾವ ಆಗಲೇ ಚಿಕ್ಕಪ್ಪನಿಗೆ ಫೋನ್ ಮಾಡಿಯಾಗಿತ್ತು. ಹೋದರೆ ಈ ಸಂಜೆಗಳೂ ಹೋದವು. ಅದಕ್ಕೇ, ಸುಳ್ಳಾದರೂ ಸರಿ ಎಂದು ಬಾಯಿಪಾಠ ಮಾಡಿದಳು.

ಇಂಟರ್‌ವ್ಯೂ ದಿನ ಕಾರ್ಖಾನೆಯ ಯಜಮಾನಿ ಕನ್ನಡಕದ ಮೇಲಿಂದ ನೋಡಿದರು. "ಹಳೇ ಕೆಲಸ ಯಾಕಮ್ಮ ಬಿಟ್ಟೆ?"

"ಹೊಸದು ಕಲಿಯೋ..." ಮೇಜಿನ ಮೇಲೆ ಹಸಿರು ಮಖಮಲ್ಲಿನ ತುಂಡೊಂದು ಬಿದ್ದಿತ್ತು. ಕೈ ತನ್ನಷ್ಟಕ್ಕೆ ಅದನ್ನು ಸವರಿ ದಿಕ್ಕು ನೋಡುತ್ತಿತ್ತು. ಈ ಬಟ್ಟೆಯ ಮುಂದೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ನಾನು ಬಿಡಲಿಲ್ಲ ಮೇಡಂ, ಅವರೇ ತೆಗೆದ್ರು. ಪರದೇಲಿ ಒಂದು ಪಟ್ಟಿ ತಲೆಕೆಳಗೆ ಹೊಲಿದಿದ್ದೆ. ಈಗ ಕತ್ತರಿ ಹಿಡಿಯೋ ಮುಂಚೆ ಪ್ರತಿ ತುಂಡಿನ ಹಿಂಬದೀಲೂ ಸೀಮೆಸುಣ್ಣದಲ್ಲಿ ದಿಕ್ಕಿನ ಬಾಣ ಹಾಕ್ತೀನಿ. ಆ ತಪ್ಪು ಮತ್ತೆ ಆಗಲ್ಲ. ಸೋಫಾ ಹೊಲಿದು ಗೊತ್ತಿಲ್ಲ. ಆದ್ರೆ ನನ್ನ ಹೊಲಿಗೆ ಗಟ್ಟಿ, ಬೇಕಾದ್ರೆ ನಾನೇ ಹೊಲಿದ ಈ ಚೀಲ ಎಳೆದು ನೋಡಿ. ಸೋಫಾನೂ ಕಲೀತೀನಿ."

ಯಜಮಾನಿ ಕನ್ನಡಕ ತೆಗೆದಿಟ್ಟರು. "ನಿನ್ನ ಹಳೇ ಯಜಮಾನರ ಹತ್ರ ಬೆಳಗ್ಗೇನೇ ಮಾತಾಡಿದ್ದೆ. ನೀನು ಏನು ಹೇಳ್ತೀಯಾ ಅಂತ ಕಾಯ್ತಿದ್ದೆ ಅಷ್ಟೆ. ತಪ್ಪೇ ಮಾಡಿಲ್ಲ ಅನ್ನೋರು ಕತ್ತರೀನೇ ಹಿಡಿದಿರಲ್ಲ ಕಣಮ್ಮ. ಸೋಮವಾರ ಬಾ."

ಎದೆಯ ಮೇಲಿನ ಕಲ್ಲು ಇಳಿದು, ಅವಳಿಗೆ ಅಲ್ಲೇ ಅಳು ಬಂತು.

ಗೇಟಿನ ಹೊರಗೆ ಲೈಟಿನವನು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ.

"ನಿಮ್ಮ ಉತ್ತರ ಹೇಳಿದ್ದಿದ್ರೆ ಕೆಲಸ ಗೋವಿಂದ!" ಎಂದಳು ಅವಳು ಹೊರಬರುತ್ತಲೇ.

"ಹೇಳಿದ್ದಿದ್ರೆ ಅಂದ್ರೆ... ಹೇಳಲಿಲ್ವಾ? ಸಿಕ್ತಾ?"

"ಸೋಮವಾರದಿಂದ."

ಹೋದ ಜೀವ ಬಂದವನಂತೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವಳೂ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಸುಮ್ಮಸುಮ್ಮನೆ ನಗು ಬಂತು. ನಗು ನಿಂತ ಮೇಲೆ ಅವನೆಂದ, "ಇನ್ನು ಸಂಜೆ ನಾನು ಬರೋ ಹಾಗಿಲ್ಲ. ಇಂಟರ್‌ವ್ಯೂ ಮುಗೀತಲ್ಲ."

"ನಂದು ಮುಗೀತು. ನಿಮ್ಮದು ಈಗ ಶುರು." ಅವಳು ಅವನ ಹಾಗೇ ಹುಬ್ಬು ಗಂಟಿಕ್ಕಿದಳು. "ಇಷ್ಟು ದಿನ ಯಾಕೆ ಬರ್ತಿದ್ರಿ?"

"ನನ್ನಿಂದ ತಪ್ಪಾಗಿತ್ತಲ್ಲ, ಸರಿ ಮಾಡೋಣ ಅಂತ..."

"ಬಾಯಿಪಾಠ ಬೇಡ."

ಅವನ ಕಿವಿ ಕೆಂಪಾಯಿತು. "ಮೊದಮೊದಲು ಅದಕ್ಕೇ. ಪ್ರಶ್ನೆಗಳೆಲ್ಲ ಯಾವತ್ತೋ ಖಾಲಿಯಾಗಿದ್ವು ರೀ. ಆಮೇಲೆ ಬಂದಿದ್ದೆಲ್ಲ ನಿಮ್ಮನ್ನ ನೋಡೋಕೆ. ನೀವಂದ್ರೆ ನಂಗಿಷ್ಟ."

ಅವಳ ಎದೆ ಢವಢವ ಹೊಡೆದುಕೊಂಡಿತು. ಆದರೂ ಹುಬ್ಬು ಬಿಡಲಿಲ್ಲ. "ಅನುಭವ?"

"ಇಲ್ಲ. ಇದೇ ಮೊದಲು." ತಲೆಯೆತ್ತಿ ನೇರವಾಗಿ ನೋಡಿದ. "ಆದ್ರೆ ನಿಮ್ಮನ್ನ ಚೆನ್ನಾಗಿ ನೋಡ್ಕೋತೀನಿ. ಅಷ್ಟಂತೂ ಧೈರ್ಯವಾಗಿ ಹೇಳ್ತೀನಿ."

"ದೌರ್ಬಲ್ಯ?"

"ಎಲ್ಲರೆದುರು ಬಾಯಿ ಬಿಡೋದು."

"ಅದು ಊರಿಗೇ ಗೊತ್ತು."

ಅವಳು ಚೀಲದಿಂದ ಸೀಮೆಸುಣ್ಣ ತೆಗೆದು, ಅವನ ಕಪ್ಪು ಅಂಗಿಯ ತೋಳಿನ ಮೇಲೆ ಒಂದು ಬಾಣ ಬರೆದಳು. ಅದರ ಮೊನೆ ಅವಳ ಕಡೆಗಿತ್ತು.

"ಇದೇನ್ರೀ?"

"ಗುರುತು ಹಾಕದೆ ನಾನೀಗ ಯಾವುದನ್ನೂ ಶುರು ಮಾಡಲ್ಲ."

ಮನೆ ಮುಟ್ಟುವವರೆಗೂ ಅವನು ಆ ತೋಳನ್ನು ಎಲ್ಲಿಗೂ ತಾಗಿಸಲಿಲ್ಲ. ಬಾಗಿಲು ತೆಗೆದ ಅಕ್ಕ ತಂಗಿಯ ಮುಖ ನೋಡಿದಳು, ಬಾಣ ನೋಡಿದಳು.

"ಎರಡು ಕೆಲಸಾನೂ ಆಯ್ತು ಅನ್ನಿ," ಎಂದು ನಗುತ್ತ ದಾರಿ ಬಿಟ್ಟಳು.