ತಂಗೆವ್ವನ ರೆಕಾರ್ಡು

ನನಗೆ ಹಳೆಯ ರೆಕಾರ್ಡುಗಳ ಹುಚ್ಚು. ಠುಮ್ರಿ, ನಾಟಕದ ಪದ, ಕವ್ವಾಲಿ, ಜಾಝ್, ಯಾವುದು ಎಲ್ಲಿ ಸಿಗುತ್ತದೆಂದರೂ ಜಮಖಂಡಿಯಿಂದ ಬೈಕು ಹತ್ತಿ ಹೊರಡುತ್ತೇನೆ. ಹೋದ ಬೇಸಿಗೆಯಲ್ಲಿ ಬನಹಟ್ಟಿಯ ಅನುರಾಧಾ ಫೋನ್ ಮಾಡಿದರು. ಅವರ ತಾಯಿ ತಂಗೆವ್ವನ ಟ್ರಂಕಿನ ತಳದಲ್ಲಿ ಹೆಸರಿಲ್ಲದ ಒಂದು ರೆಕಾರ್ಡು ಸಿಕ್ಕಿತ್ತು. ತಂಗೆವ್ವನನ್ನು ಹೆತ್ತಾಕೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವಳು, ಬಾಣಂತನದಲ್ಲೇ ತೀರಿಕೊಂಡವಳು.

“ನಮ್ಮವ್ವನ ದನಿ ಅದರಾಗ ಇದ್ರ ಒಮ್ಮೆ ಕೇಳಸ್ರೀ,” ಎಂದರು ತಂಗೆವ್ವ, ನಾನು ಅವರ ಮನೆ ಮುಟ್ಟಿದ ಕೂಡಲೇ.

ಸಂಭ್ರಮದಿಂದ ರೆಕಾರ್ಡನ್ನು ಕೈಗೆತ್ತಿಕೊಂಡೆ. ಆ ಸುಡು ಮಧ್ಯಾಹ್ನದಲ್ಲೂ ರೆಕಾರ್ಡು ಬಾವಿಯಿಂದ ಆಗಷ್ಟೇ ಎತ್ತಿದ ಕೊಡದಂತೆ ತಣ್ಣಗಿತ್ತು. ನಾನು ಒಯ್ದಿದ್ದ ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟೆ. ಕರಕರ ಸದ್ದೇ ಇಲ್ಲದೆ ಹೆಣ್ಣುದನಿಯೊಂದು ತುಂಬಿಕೊಂಡು ಬಂತು. ಅಂಥ ಕಂಠ ನಾನು ಎಂದೂ ಕೇಳಿರಲಿಲ್ಲ, ಎದ್ದು ಕುಣಿಯಬೇಕೆನಿಸಿತು. ಪಲ್ಲವಿ ಮುಗಿದು ಆಕೆ ಉಸಿರೆಳೆದುಕೊಂಡಾಗ ನನ್ನ ಕಿವಿಯ ಬಳಿ ಗಾಳಿ ಆಡಿತು. ಓಣಿಯ ಮಗ್ಗಗಳ ಸದ್ದು ಯಾವಾಗಲೋ ನಿಂತಿತ್ತು. ತಂಗೆವ್ವ ಕಣ್ಣು ಮುಚ್ಚಿ, ಮುಂದಿನ ನುಡಿಯನ್ನು ಆ ದನಿಯ ಜೊತೆಗೇ ಒಂದಕ್ಷರ ತಪ್ಪದೆ ಹಾಡತೊಡಗಿದರು.

“ನಮ್ಮವ್ವ ಒಂದಿನಾನೂ ಹಾಡಿದಾಕಿ ಅಲ್ರೀ,” ಎಂದು ಅನುರಾಧಾ ಪಿಸುಗುಟ್ಟಿದರು.

ಹಾಡು ಮುಗಿದಾಗ ತಂಗೆವ್ವ ನಗುತ್ತ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹಚ್ರೀ,” ಎಂದರು.

ದನಿ ಕೊರೆದ ಗೆರೆಗಳು ಎಷ್ಟು ಸವೆದಿವೆಯೋ ನೋಡೋಣವೆಂದು ನಾನು ಖುಷಿಯಲ್ಲೇ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಗಳೇ ಇರಲಿಲ್ಲ. ಎರಡೂ ಬದಿ ಇನ್ನೂ ಬಳಪ ತಾಕದ ಹೊಸ ಪಾಟಿಯಂತೆ ನುಣ್ಣಗಿದ್ದವು. ಆಮೇಲೆ ಎಷ್ಟು ಸಲ ಇಟ್ಟರೂ ಮುಳ್ಳು ಸುಮ್ಮನೆ ಜಾರಿತು.

ಹಾಡು ಮಾತ್ರ ತಂಗೆವ್ವನಿಗೆ ಪೂರ್ತಿ ಬರುತ್ತದೆ.