ಕೆಳಗಿನ ಹಳ್ಳದ ಮೀನು

"ಇಷ್ಟು ಸಣ್ಣ ಮೀನು ತಗೊಂಡು ಏನ್ ಸಾರು ಮಾಡ್ತೀರಿ?" ಬುಟ್ಟಿಯ ಮೇಲೆ ಅಂಗೈ ಇಟ್ಟುಕೊಂಡೇ ಹೊಳೆವ್ವ ಕೇಳಿದಳು.

"ಸಾರು ಮಾಡಂಗಿಲ್ಲ. ಅಳತಿ ಮಾಡ್ತೇನಿ," ಎಂದ ನಾಗಲಿಂಗಪ್ಪ.

ಗೇಲಿ ಮಾಡುತ್ತಿದ್ದಾನೆಂದು ತಿಳಿದು ಅವಳು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ದಾಂಡೇಲಿಯ ಅಂಬೇವಾಡಿಯ ಹಿಂದಿನ ಹಳ್ಳದ ದಂಡೆಯಲ್ಲಿ ಅವನು ಸ್ಕೇಲು ಹಿಡಿದು ಅವಳ ಹಿಂದೆ ಓಡಬೇಕಾಯಿತು.

ಅದು ಅರವತ್ನಾಲ್ಕನೆಯ ಇಸವಿಯ ಕಾರ್ತೀಕ. ಹಳಿಯಾಳದ ಲಿಂಗಾಯತರ ಹುಡುಗ ಅವನು, ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಊರು ಬೆಳೆದಂತೆ ಹಳ್ಳದ ಮೀನು ಹೇಗೆ ಬದಲಾಗುತ್ತದೆ ಎಂದು ಬರೆಯಬೇಕಿತ್ತು. ಹುಟ್ಟಿದಾಗಿನಿಂದ ಮೀನು ಮುಟ್ಟಿದವನಲ್ಲ. ಕರ್ಚೀಫಿನಲ್ಲಿ ಬಾಲ ಹಿಡಿದದ್ದನ್ನು ನೋಡಿ ಅಂಬಿಗರ ಹುಡುಗಿ ಹೊಳೆವ್ವ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆ ನಗೆಗೆ ಅವನು ಅಳತೆಯನ್ನು ಎರಡು ಸಲ ತಪ್ಪು ಬರೆದ.

ಪ್ರತಿ ಭಾನುವಾರ ಅವಳು ಮೀನು ತಂದಳು. ಕಾಡಿನ ಕಡೆಯ ಮೇಲಿನ ಹಳ್ಳದಿಂದ ಹತ್ತು. ಹೊಸ ಮನೆಗಳ ಚರಂಡಿ ಸೇರುವ ಕೆಳಗಿನ ಹಳ್ಳದಿಂದ ಹತ್ತು. ಜಾತಿ ಒಂದೇ. ಮೇಲಿನವು ಸಪೂರ; ಸೀಳಿದರೆ ಹೊಟ್ಟೆಯಲ್ಲಿ ಪಾಚಿ, ಹುಳುಗಳ ರೆಕ್ಕೆ. ಕೆಳಗಿನವು ಗಿಡ್ಡ, ಹೊಟ್ಟೆ ಉಬ್ಬಿದವು. ಒಳಗೆ ಅನ್ನದ ಅಗುಳು, ಕೆಸರು, ಚರಂಡಿಯ ಕೆಂಪು ಹುಳು.

"ಅಪ್ಪನ ಗಿರಾಕಿಗಳೂ ಕೆಳಗಿನ ಹಳ್ಳದ ಮೀನು ನೋಡಿ ಇದನ್ನ ಅಂತಾರ," ಎಂದಳು ಒಂದು ದಿನ. "ವಾಸನಿ ಬರ್ತೈತಿ, ಒಲ್ಲೆ ಅಂತಾರ. ನೀವು ಬರದ್ರ ಹಳ್ಳ ಮೊದಲಿನಂಗ ಆಗ್ತೈತೇನ್ರಿ?"

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಸುಳ್ಳು ಹೇಳಲು ಅವನಿಗೆ ಬಹಳ ಮನಸ್ಸಾಯಿತು.

"ಇಲ್ಲ ಹೊಳೆವ್ವ. ಕಾಗದದಾಗ ಇರ್ತೈತಿ, ಅಷ್ಟ."

"ಹಂಗಾದ್ರ ವಾರವಾರ ಯಾಕ ಬರ್ತೀರಿ?"

ಅವನು ತಲೆ ತಗ್ಗಿಸಿದ. "ಮೀನಿನ ಕೆಲಸ ಹೋದ ತಿಂಗಳನ ಮುಗದೈತಿ."

ಅವಳು ಬುಟ್ಟಿಯ ಮೀನನ್ನು ಒಮ್ಮೆ ನೋಡಿದಳು. ಆಮೇಲೆ ಕೆನ್ನೆ ಕೆಂಪಗೆ ಮಾಡಿಕೊಂಡು, "ಮತ್ತ ಈ ತಿಂಗಳ ಮೀನೆಲ್ಲ ಸುಮ್ಮನ ಕೊಲ್ಲಿಸಿದ್ರಿ?" ಎಂದಳು.

ಮಾಘದ ಹೊತ್ತಿಗೆ ಅವಳ ಅಪ್ಪನ ಮೀನು ಕೊಳ್ಳುವವರೇ ಇಲ್ಲವಾದರು. ಸೂಪಾ ಕಡೆ, ಕಾಳಿ ಹೊಳೆಯ ದಂಡೆಗೆ ಹೋಗುವುದೆಂದು ಅಪ್ಪ ತೀರ್ಮಾನಿಸಿದ. ಅಲ್ಲಿ ಅವಳನ್ನು ಸೋದರಮಾವನ ಮಗನಿಗೆ ಕೊಡುವುದೂ ನಿಶ್ಚಯವಾಯಿತು.

ನಾಗಲಿಂಗಪ್ಪ ಅವಳಿಗೆ ತಿಳಿಸಿಯೇ ಹಳಿಯಾಳಕ್ಕೆ ಹೋಗಿ, ಅವಳನ್ನು ಮದುವೆಯಾಗುತ್ತೇನೆಂದು ತಾಯಿಗೆ ಹೇಳಿದ. ಗಿರಿಜಾಬಾಯಿ ಬೈಯಲಿಲ್ಲ. ಎರಡು ದಿನ ಊಟ ಬಿಟ್ಟು ದೇವರ ಕೋಣೆಯಲ್ಲಿ ಕುಳಿತಳು. ಮೂರನೆಯ ದಿನ ಅವನೇ ಬಾಗಿಲಲ್ಲಿ ನಿಂತು, "ಯವ್ವಾ, ಆ ಮಾತು ಇನ್ನ ಎತ್ತಂಗಿಲ್ಲ. ಊಟ ಮಾಡು," ಎಂದ.

ಮರುದಿನ ದಾಂಡೇಲಿಗೆ ಬಂದಾಗ ಹೊಳೆವ್ವನ ಮನೆಯ ಮುಂದೆ ಚಕ್ಕಡಿಗಾಡಿಗೆ ಸಾಮಾನು ಹೇರಿಯಾಗಿತ್ತು. ಅವನ ಮುಖ ನೋಡಿ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಅವನೇ ಹೇಳಿದ: "ಅವ್ವ ಎರಡು ದಿನ ಊಟ ಬಿಟ್ಟಿದ್ಲು."

"ಈಗ ಮಾಡ್ಯಾರೇನ್ರಿ?"

"ಮಾಡ್ಯಾಳ."

"ಚಲೋ ಆತ್ರಿ," ಎಂದಳು ಹೊಳೆವ್ವ. ಚಕ್ಕಡಿಯ ಹಗ್ಗ ಬಿಗಿಯುತ್ತ, "ನಾನೂ ಎರಡು ದಿನ ಉಂಡಿದ್ದಿಲ್ಲ. ನಮ್ಮನ್ಯಾಗ ಯಾರೂ ನೋಡಲಿಲ್ಲ," ಎಂದಳು.

ಅಪ್ಪ ಕರೆದ. ಅವಳು ಚಕ್ಕಡಿಯ ಹಿಂದೆ, ಪಾತ್ರೆಗಳ ನಡುವೆ ಹತ್ತಿ ಕುಳಿತಳು. ರಸ್ತೆ ಕಾಡಿಗೆ ತಿರುಗುವವರೆಗೂ ಅವಳು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದು ಹೆಜ್ಜೆಯನ್ನೂ ಮುಂದಿಡಲಾಗದೆ ಅವನು ಅಲ್ಲೇ ನಿಂತಿದ್ದ.